ಸೂರಿನಲ್ಲಿ ಅಕ್ಕಿ

ಭೂಮಿ ಆಗಿನ್ನೂ ಹೊಸದು ಮಗೂ. ಬೆಟ್ಟಗಳ ಮಣ್ಣು ಆರಿರಲಿಲ್ಲ, ಹೊಳೆಗಳಿಗೆ ದಾರಿ ಬಾಯಿಪಾಠ ಆಗಿರಲಿಲ್ಲ. ಆಗ ಹೆಬ್ಬೆರಳಿನಷ್ಟು ಸಣ್ಣ ಹಕ್ಕಿಯೊಂದಿತ್ತು. ಅದಕ್ಕೆ ಹೆಸರೂ ಇರಲಿಲ್ಲ.

ಮರದಲ್ಲಿ ಗೂಡು ಕಟ್ಟಿದರೆ ಹಾವು ಬಂದು ಮೊಟ್ಟೆ ನುಂಗುತ್ತಿತ್ತು. ಪೊದೆಯಲ್ಲಿ ಕಟ್ಟಿದರೆ ಕೆಂಬೂತ ಬಂದು ನುಂಗುತ್ತಿತ್ತು. ಹಕ್ಕಿ ಅಳುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಅತ್ತಿದ್ದಕ್ಕಿಂತ ಕಟ್ಟಿದ್ದೇ ಹೆಚ್ಚು. ನನಗೆ ಅದರ ಮೇಲೆ ಪ್ರೀತಿ ಅದಕ್ಕೇ.

“ಗಾಳಿಯಣ್ಣ, ಹಾವು ಹೆದರುವ ಜಾಗ ಎಲ್ಲಾದರೂ ಇದೆಯಾ?” ಎಂದು ಕೇಳಿತು.

“ಇದೆ, ಮನುಷ್ಯರ ಮನೆಬಾಗಿಲು. ಆದರೆ ಚೆಂದದ್ದು ಕಂಡರೆ ಕೈ ಹಾಕುವ ಚಾಳಿ ಅವರಿಗೆ. ಗೂಡು ಚೆಂದ ಕಾಣದ ಹಾಗೆ ಕಟ್ಟು,” ಎಂದಿತು ಗಾಳಿ.

ಹಕ್ಕಿ ಕೆಂಚವ್ವ, ಮಾರಪ್ಪ ಎಂಬ ಗಂಡಹೆಂಡಿರ ಗುಡಿಸಲಿಗೆ ಬಂತು. ಸೂರಿನಿಂದ ಇಳಿಬಿದ್ದ ಹಗ್ಗಕ್ಕೆ ಗೂಡು ಕಟ್ಟಿತು. ಹೊರಗೆ ಜೇಡರ ಬಲೆ, ಒಣಗಿದ ಎಲೆ, ಹುಳದ ಹಿಕ್ಕೆ. ಒಳಗೆ ಮೆತ್ತಗೆ ಎಕ್ಕದ ಅರಳೆ. ಹೊರಗಿನವರಿಗೆ ಕಸ, ಮರಿಗಳಿಗೆ ಹಾಸಿಗೆ. ಎಂಥ ಜಾಣೆ ನೋಡು!

ಒಂದು ದಿನ ಕೆಂಚವ್ವ ಬಲೆ ಹೊಡೆಯಲು ಪೊರಕೆ ಎತ್ತಿದಳು. ಕಸದೊಳಗಿಂದ ಪುಟ್ಟ ಕೊಕ್ಕು ಇಣುಕಿತು. ಎತ್ತಿದ ಪೊರಕೆ ಅಲ್ಲೇ ನಿಂತಿತು.

“ಮಾವ, ಬಿರ್ನೆ ಬಾ! ಸೂರಲ್ಲಿ ಅಕ್ಕಿ ಐತೆ!” ಎಂದು ಗಂಡನನ್ನು ಕೂಗಿದಳು.

ಆ ಊರಿನವರು ಹಕ್ಕಿಗೂ ಅಕ್ಕಿ ಎನ್ನುತ್ತಿದ್ದರು, ಅಕ್ಕಿಗೂ ಅಕ್ಕಿ ಎನ್ನುತ್ತಿದ್ದರು. ಹೊಲದಿಂದ ಹಸಿದು ಬಂದಿದ್ದ ಮಾರಪ್ಪನ ಕಿವಿಗೆ ಯಾವುದು ಕೇಳಿಸಿರಬೇಕು ಹೇಳು? ಮೊರ ಹಿಡಿದುಕೊಂಡೇ ಓಡಿಬಂದ. ತೂಗುತ್ತಿದ್ದ ಗಂಟು ಕಂಡು, ಕೀಳಲು ಕೈ ಹಾಕಿಯೇಬಿಟ್ಟ.

ಹಕ್ಕಿ ಹಾರಿಹೋಗಬಹುದಿತ್ತು. ಹೋಗಲಿಲ್ಲ. ಮೊಟ್ಟೆಗಳ ಮೇಲೆ ಕೂತೇ, ಅಷ್ಟು ದೊಡ್ಡ ಮನುಷ್ಯನ ಬೆರಳನ್ನು ಕುಟುಕಿತು.

“ಅಯ್ಯಯ್ಯೋ! ಅಕ್ಕಿ ಕಚ್ತದೆ ಕಣಮ್ಮಿ!”

“ತಿನ್ನೋ ಅಕ್ಕಿ ಅಲ್ಲ ಮಾವ, ಹಾರೋ ಅಕ್ಕಿ! ಕಾವಿಗೆ ಕೂತವ್ಳೆ. ಬಸುರಿ ಬಾಣಂತೀನ ಯಾರಾದ್ರೂ ಮನೆಯಿಂದ ಎಬ್ಬುಸ್ತಾರಾ? ತೆಗಿ ಕೈಯ!”

ಮಾರಪ್ಪ ನಾಚಿ ಕೈ ತೆಗೆದ. ಅಷ್ಟರಲ್ಲಿ ಮಳೆ ಶುರುವಾಯಿತು. ಎರಚಲು ನೇರ ಗೂಡಿನ ಬಾಗಿಲಿಗೇ ಹೊಡೆಯಿತು. ಮಾರಪ್ಪನಿಗೆ ಏನನ್ನಿಸಿತೋ, ಕೈಯಲ್ಲಿದ್ದ ಮೊರವನ್ನು ಗೂಡಿನ ಮೇಲೆ ಹಿಡಿದ. ಹಸಿದ ಹೊಟ್ಟೆಯಲ್ಲೇ, ಮಳೆ ನಿಲ್ಲುವವರೆಗೂ ಹಿಡಿದು ನಿಂತ.

ಹಕ್ಕಿ ಬಾಗಿಲಲ್ಲಿ ಕೊಕ್ಕಿಟ್ಟು ಆ ಮೊರವನ್ನೇ ನೋಡುತ್ತಿತ್ತು. ಮಾರನೆಯ ಬೆಳಗ್ಗೆ ನಾರು ತಂದು, ತನ್ನ ಬಾಗಿಲ ಮೇಲೆ ತಾನೇ ಒಂದು ಮರೆ ನೇಯ್ದುಕೊಂಡಿತು. ಕೆಂಚವ್ವ ಅದನ್ನು ಸೂರಕ್ಕಿ ಎಂದು ಕರೆದಳು. ಆ ಹೆಸರೇ ನಿಂತಿತು.

ಅದಕ್ಕೇ ಮಗೂ, ನಮ್ಮ ಬಾಗಿಲ ತಂತಿಗೆ ತೂಗುವ ಸೂರಕ್ಕಿ ಗೂಡು ಇವತ್ತಿಗೂ ದೂರದಿಂದ ಬರೀ ಕಸ. ಹತ್ತಿರ ಹೋಗಿ ನೋಡಿದರೆ, ಮಳೆಯಲ್ಲಿ ಯಾರೋ ಮೊರ ಹಿಡಿದು ನಿಂತ ಹಾಗೆ, ಅದರ ಬಾಗಿಲ ಮೇಲೊಂದು ಪುಟ್ಟ ಸೂರು.