ನಮಸ್ಕಾರ ಬಯಸಿದ ಮಾನಿಟರ್

ಮುದ್ರಣಾಲಯದಲ್ಲಿ ಟೈಪ್ ಮಾಡುವ ಅಂಬುಜಾಕ್ಷಿಯ ಮೇಜಿನ ಮೇಲೆ ಗಿಡ್ಡ ಮಾನಿಟರ್ ಒಂದಿತ್ತು. ಅವಳು ಕತ್ತು ಬಗ್ಗಿಸಿ ನೋಡಿದಾಗಲೆಲ್ಲ ಅದು ಪಕ್ಕದ ದಪ್ಪ ನಿಘಂಟಿನೆದುರು ಬೀಗುತ್ತಿತ್ತು: "ನೋಡಜ್ಜ, ದಿನವಿಡೀ ನನಗೆ ನಮಸ್ಕಾರ!"

"ಅದು ನಮಸ್ಕಾರವಲ್ಲಪ್ಪ, ಕತ್ತುನೋವು. ನನ್ನ ಬೆನ್ನೇರಿ ಕುಳಿತುಕೊ, ಅವಳು ನೆಟ್ಟಗೆ ಕೂರಲಿ," ಎಂದಿತು ನಿಘಂಟು.

"ಆಮೇಲೆ ನನಗೆ ತಲೆಬಾಗುವವರು ಯಾರು?" ಎಂದ ಮಾನಿಟರ್, ಅಂಬುಜಾಕ್ಷಿ ತನ್ನನ್ನು ನಿಘಂಟಿನ ಮೇಲಿಟ್ಟ ಕೂಡಲೇ ಬೇಕೆಂದೇ ಜಾರಿ ಕೆಳಗಿಳಿಯಿತು.

ಮರುವಾರ ಅವಳ ಕತ್ತು ಹಿಡಿದುಕೊಂಡಿತು. ಎಂಟು ದಿನ ಅವಳು ಕೆಲಸಕ್ಕೆ ಬರಲಿಲ್ಲ; ಮಾನಿಟರನ್ನು ಯಾರೂ ಮುಟ್ಟಲಿಲ್ಲ. ಒಂಬತ್ತನೆಯ ದಿನ ಅವಳು ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದು, ಅದನ್ನು ಮತ್ತೆ ನಿಘಂಟಿನ ಮೇಲಿಟ್ಟಳು. ಈ ಸಲ ಅದು ಅಲುಗಲಿಲ್ಲ.

ಅಂಬುಜಾಕ್ಷಿ ಕುರ್ಚಿಗೆ ಬೆನ್ನು ಆನಿಸಿ, ನೆಟ್ಟಗೆ ಕುಳಿತು ನೋಡಿದಳು.

"ಅಜ್ಜ, ಇವಳಿಗೆ ಮೂಗುತಿ ಇದೆ!" ಎಂದಿತು ಮಾನಿಟರ್.

"ಮೊದಲಿನಿಂದಲೂ ಇದೆ," ಎಂದಿತು ನಿಘಂಟು. "ನಿನಗೆ ಬೈತಲೆ ಮಾತ್ರ ಸಾಕಾಗಿತ್ತು."