ಹಳೆಯ ಕಂಪ್ಯೂಟರಿಗೆ ಕೂಡುವ ನೆನಪು

"ಅಜ್ಜೀ, ಮನೆಯಲ್ಲಿ ನನಗೆ 'ಈ ವಯಸ್ಸಿನಲ್ಲಿ ನಿನ್ನ ತಲೆಗೆ ಇನ್ನೇನೂ ಹಿಡಿಯೋದಿಲ್ಲ, ಸುಮ್ಮನಿರು' ಅಂತಾರೆ. ಪದ ಕಲಿಯೋದು ಬಿಟ್ಟುಬಿಡಲಾ?" ಎಂದು ತಿಪ್ಪವ್ವ ಕೇಳಿದಳು. ಅವಳು ಮೊಮ್ಮಕ್ಕಳಾದ ಮೇಲೆ ತತ್ವಪದ ಕಲಿಯಲು ಬಂದವಳು.

ಪದ ಹೇಳಿಕೊಡುವ ಬಸಲಿಂಗಜ್ಜಿ ಅವಳನ್ನು ನೋಡಿದಳು. "ಕಾಲು ನೀಡಿ ಕೂತುಕೋ. ಎದ್ದು ಹೋಗೋ ಅವಸರವಿದ್ದರೆ ಈಗಲೇ ಹೋಗು. ಇಲ್ಲದಿದ್ದರೆ ಕೇಳು."

ಒಂದು ಪೇಟೆಯಲ್ಲಿ ಒಬ್ಬ ಹೆಂಗಸು ಇದ್ದಳು. ಲಗ್ನಪತ್ರಿಕೆಗೆ ಅಕ್ಷರ ಜೋಡಿಸುವುದು ಅವಳ ಕಸುಬು. ಅವಳ ಕಂಪ್ಯೂಟರು ಹಳೆಯದು. ಅದರಲ್ಲಿದ್ದ ಮುದ್ದಾದ ಅಕ್ಷರಗಳು ಹೊಸ ಕಂಪ್ಯೂಟರುಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದವು. ಅದು ಹೋದರೆ ಅವಳ ಕಸುಬೂ ಹೋದಂತೆ. ಮದುವೆಗಳ ಸುಗ್ಗಿಯಲ್ಲೇ ಅದು ಎರಡು ಪುಟ ತೆರೆದು, ಮೂರನೆಯದಕ್ಕೆ ಮೊಂಡು ಎತ್ತಿನಂತೆ ನಿಲ್ಲತೊಡಗಿತು.

ರಿಪೇರಿ ಅಂಗಡಿಯವನು ಕೂತಲ್ಲಿಂದಲೇ ಹೇಳಿದ: "ಅದಕ್ಕೆ ನೆನಪು ಸಾಲದಮ್ಮ. ವಯಸ್ಸಾಯಿತು. ಗುಜರಿಗೆ ಹಾಕಿ, ಹೊಸದು ತಗೊಳ್ಳಿ."

"ನಿಮ್ಮ ಕುರ್ಚಿಗೂ ವಯಸ್ಸಾಗಿದೆ. ನೀವು ಅದರ ಮೇಲೇ ಕೂತಿದ್ದೀರಲ್ಲ" ಎಂದು ಅವಳು ಮನೆಗೆ ಬಂದಳು.

ಅವಳ ಮೈದುನ ಒಳ್ಳೆಯವನು. ಪೇಟೆಯಲ್ಲಿ ಸಿಗುವುದರಲ್ಲೇ ಹೊಸದಾದ, ದೊಡ್ಡ ರ‍್ಯಾಮ್ ತಂದುಕೊಟ್ಟ. ರ‍್ಯಾಮ್ ಎಂದರೆ ಕಂಪ್ಯೂಟರು ನೆನಪಿಟ್ಟುಕೊಳ್ಳುವ ಪುಟ್ಟ ಪಟ್ಟಿ. ಅದರ ಅಂಚಿನಲ್ಲೊಂದು ಕಚ್ಚು ಇರುತ್ತದೆ. ಆ ಕಚ್ಚು ಒಳಗಿನ ಗೂಡಿಗೆ ಹೊಂದಿ ಕೂರಬೇಕು. ಇದು ಕೂರಲಿಲ್ಲ.

"ತುಸು ಒತ್ತಿದರೆ ಹೋಗ್ತದೆ, ಅತ್ತಿಗೆ" ಎಂದು ಅವನು ಹೆಬ್ಬೆರಳು ಊರಿದ.

ಅವಳು ಅವನ ಕೈ ಹಿಡಿದಳು. "ಕಿವಿ ಚುಚ್ಚದ ಕಡೆ ಓಲೆ ತುರುಕಬೇಡಪ್ಪ."

ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ರವಿಕೆ ಹೊಲಿಸಲು ಹೋಗುವಾಗ ಯಾರೂ ಅಳತೆಯನ್ನು ಬಾಯಲ್ಲಿ ಹೇಳುವುದಿಲ್ಲ; ಮೈಗೆ ಹಿಡಿಸಿದ ಹಳೆಯ ರವಿಕೆಯನ್ನೇ ಒಯ್ಯುತ್ತಾರೆ. ಅವಳು ಮತ್ತೆ ಕರೆಂಟು ತೆಗೆದಳು. ಮುಚ್ಚಳ ಬಿಚ್ಚಿ ಈ ಸಲ ಒಳಗೆ ಬಗ್ಗಿ ನೋಡಿದಳು. ಒಳಗಿದ್ದ ಹಳೆಯ ಪಟ್ಟಿಯ ಪಕ್ಕದಲ್ಲೇ ಒಂದು ಗೂಡು ಖಾಲಿಯಿತ್ತು. ಆ ಹಳೆಯ ಪಟ್ಟಿಯನ್ನು ಕಿತ್ತು ತಂದು ಅಂಗಡಿಯವನ ಮುಂದಿಟ್ಟಳು. "ಇದರ ಜೊತೆಯದು ಕೊಡಿ."

"ಇದನ್ನು ಈಗ ಯಾರೂ ಕೇಳೋದಿಲ್ಲಮ್ಮ."

"ನಾನು ಕೇಳ್ತಿದ್ದೇನಲ್ಲ." ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಬಂದ ಗಿರಾಕಿಗಳು ಅವಳನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು.

ಅವನು ಗೊಣಗುತ್ತ, ಬಿಚ್ಚಿಹಾಕಿದ ಹಳೆಯ ಕಂಪ್ಯೂಟರುಗಳ ರಾಶಿಯನ್ನು ಕೆದಕಿದ. ಕಚ್ಚಿಗೆ ಕಚ್ಚು ಕೂಡುವ, ಮೇಲಿನ ಬರಹಕ್ಕೆ ಬರಹ ಕೂಡುವ ಪಟ್ಟಿಯೊಂದು ಸಿಕ್ಕಿತು. ಮನೆಗೆ ಬಂದು ಅವಳು ಹಳೆಯ ಪಟ್ಟಿಯನ್ನು ಅದರ ಜಾಗಕ್ಕೆ ಹಾಕಿದಳು; ಪಕ್ಕದ ಖಾಲಿ ಗೂಡಿನಲ್ಲಿ ಜೊತೆಯದು ಟಕ್ಕೆಂದು ಕೂತಿತು. ಅಂದೇ ಮೂರನೆಯ ಪುಟವೂ ತೆರೆಯಿತು.

ಆ ಹೆಂಗಸು ಇವತ್ತಿಗೂ ಅದರಲ್ಲೇ ಪತ್ರಿಕೆ ಜೋಡಿಸುತ್ತಾಳೆ. ಮೈದುನ ತಂದ ಪಟ್ಟಿ ಅವನ ಹೊಸ ಕಂಪ್ಯೂಟರಿಗೆ ಸರಿಹೋಯಿತು, ಅವನೂ ಸುಖವಾಗಿದ್ದಾನೆ. ಅಂಗಡಿಯವನು ಹಳೆಯ ಪಟ್ಟಿಗಳಿಗೆಂದೇ ಒಂದು ಡಬ್ಬ ಇಟ್ಟಿದ್ದಾನೆ. ಗೊಣಗುವುದನ್ನು ಮಾತ್ರ ಬಿಟ್ಟಿಲ್ಲ.

ಅಜ್ಜಿ ತಿಪ್ಪವ್ವನ ಕಡೆ ತಿರುಗಿದಳು. "ನಿನ್ನ ತಲೆಗೆ ಹಿಡಿಯೋದಿಲ್ಲ ಅಂದರಲ್ಲ ಮನೆಯವರು, ಅವರಲ್ಲಿ ಮುಚ್ಚಳ ಬಿಚ್ಚಿ ನೋಡಿದವರು ಯಾರು?"

ತಿಪ್ಪವ್ವ ಅರ್ಧಕ್ಕೆ ಬಿಟ್ಟಿದ್ದ ಪದವನ್ನು ಮತ್ತೆ ಎತ್ತಿಕೊಂಡಳು.