ಖುಷಿಗೆ ಕೊಟ್ಟ ಬೆಲ್ಲ

ಕರಡಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಇರುವೆಗೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಟ್ಟೆ ತುಂಬ ಪಾಯಸ ಉಂಡ ಆನೆ, "ಇಗೋ, ಖುಷಿಗೆ ಇಟ್ಟುಕೋ" ಎಂದು ಇಡೀ ಬೆಲ್ಲದಚ್ಚನ್ನೇ ಕೊಟ್ಟು ಹೋಗಿತ್ತು!

ಆರು ಕಾಲಲ್ಲೂ ಕುಣಿಯುತ್ತಾ ಅದನ್ನು ಉರುಳಿಸಿಕೊಂಡು ಬಾಗಿಲು ದಾಟುವಷ್ಟರಲ್ಲಿ ಸುಂಕದ ಹೆಗ್ಗಣ ಅಡ್ಡ ನಿಂತಿತು.

"ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ರಾಜರಿಗೆ."

"ಸ್ವಾಮಿ, ಇದು ಸಂಬಳವಲ್ಲ. ಖುಷಿಗೆ ಕೊಟ್ಟದ್ದು."

"ಖುಷಿಗೂ ಸುಂಕ ಉಂಟು. ಕೈಗೆ ಬಂದದ್ದೆಲ್ಲ ಸಂಪಾದನೆಯೇ!"

ಸುಂಕದವನ ಮುಂದೆ ಸುಖದುಃಖ ಹೇಳಿ ಫಲವೇನು? ಇರುವೆ ಪಾಲು ಮುರಿದು ಕೊಟ್ಟಿತು. ಹೆಗ್ಗಣ ಅದನ್ನು ರಾಜರ ಚೀಲಕ್ಕೆ ಹಾಕಿಕೊಂಡಿತು. ಆದರೂ ಜಾಗ ಬಿಟ್ಟು ಕದಲದೆ ಮೀಸೆ ತಿರುವುತ್ತಾ, "ಬಿಸಿಲಲ್ಲಿ ಇಷ್ಟು ದೂರ ಬಂದಿದ್ದೇನೆ. ನನಗೂ ಏನಾದರೂ ಖುಷಿಗೆ..." ಎಂದು ರಾಗ ಎಳೆಯಿತು.

ಇರುವೆಯ ಮೀಸೆಯೂ ನಿಮಿರಿತು! ಇನ್ನೊಂದು ಚೂರು ಮುರಿದು ಹೆಗ್ಗಣದ ಅಂಗೈಗಿಟ್ಟು, ರಾಜರ ಚೀಲದ ಬಾಯನ್ನು ಅಗಲಿಸಿ ಹಿಡಿಯಿತು.

"ಹಾಕಿ ಸ್ವಾಮಿ, ಹತ್ತರಲ್ಲೊಂದು ಪಾಲು!"

"ಛೆ ಛೆ, ಇದಕ್ಕೆಂಥ ಸುಂಕ? ಖುಷಿಗೆ ಕೊಟ್ಟದ್ದಲ್ಲವೇ!" ಎಂದು ಹೆಗ್ಗಣ ಚೀರಿತು.

ಇರುವೆ ಚೀಲದ ಬಾಯಿ ಬಿಡಲಿಲ್ಲ.

"ಹಾಗಾದರೆ ಹೇಳಿಬಿಡಿ. ಇದರೊಳಗೆ ನಿಮ್ಮದನ್ನು ಹಾಕುತ್ತೀರೋ, ಇದರೊಳಗಿಂದ ನನ್ನದನ್ನು ತೆಗೆಯುತ್ತೀರೋ?"